ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಉಪ್ಪುನೀರಿನ ಮೀನು ಮತ್ತು ಹವಳ

ಉಪ್ಪುನೀರಿನ ಅಕ್ವೇರಿಯಂ ಕುರಿತು ಬಂದಿರುವ ಪತ್ರಗಳಲ್ಲಿ ಆರನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿರುವ ಕಡೆ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಲಾಗಿದೆ.

ಪ್ರಶ್ನೆ: ಹಲವು ವರ್ಷಗಳಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ನನ್ನಲ್ಲಿರುವ 60 ಲೀಟರಿನ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ, ಕ್ಲೌನ್ ಮೀನು ಮತ್ತು ಹವಳ ಇಡಬೇಕೆಂದಿದ್ದೇನೆ. ಒಂದು ವಾರದಲ್ಲಿ ಎಲ್ಲವನ್ನೂ ಸಿದ್ಧಮಾಡಿ ಕೊಡುತ್ತೇವೆಂದು ಅಂಗಡಿಯವರು ಹೇಳುತ್ತಾರೆ. ಇದು ಸಾಧ್ಯವೇ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ತೊಟ್ಟಿಯನ್ನು ಒಂದು ವಾರದಲ್ಲಿ ನಿಲ್ಲಿಸಬಹುದು, ಆದರೆ ಅದರಲ್ಲಿ ಜೀವ ಉಳಿಯುವುದಕ್ಕೆ ಒಂದು ವಾರ ಸಾಲದು. ಮೀನಿನ ಹಿಕ್ಕೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಕಲ್ಲು ಮತ್ತು ಮರಳಿನ ಮೇಲೆ ನೆಲೆಯೂರಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ತೊಟ್ಟಿಯಲ್ಲಿ ಮೀನು ಇರಬೇಕಾಗಿಲ್ಲ. ಸ್ವಲ್ಪ ಮೀನಿನ ಆಹಾರವನ್ನೋ ಶುದ್ಧ ಅಮೋನಿಯಂ ಕ್ಲೋರೈಡನ್ನೋ ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವುದನ್ನು ಟೆಸ್ಟ್ ಕಿಟ್‌ನಿಂದ ನೋಡುತ್ತ ಕಾಯಬೇಕು. ಗಟ್ಟಿ ಜೀವವೆಂಬ ಕಾರಣಕ್ಕೆ ಡ್ಯಾಮ್ಸೆಲ್ ಮೀನನ್ನು ಈ ಅಮೋನಿಯಾದಲ್ಲಿ ಬಿಟ್ಟು ತೊಟ್ಟಿಯನ್ನು ಹದಗೊಳಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಅದು ಹಿಂಸೆ. ಬದುಕಿ ಉಳಿದ ಡ್ಯಾಮ್ಸೆಲ್ ಮುಂದೆ ಇಡೀ ತೊಟ್ಟಿಯನ್ನೇ ತನ್ನದೆಂದು ಭಾವಿಸಿ, ಹೊಸದಾಗಿ ಬಂದ ಮೀನುಗಳನ್ನು ನೆಮ್ಮದಿಯಾಗಿ ಇರಗೊಡುವುದಿಲ್ಲ.

60 ಲೀಟರ್ ಅಸಾಧ್ಯವಲ್ಲ, ಆದರೆ ಹೊಸಬರಿಗೆ ಕಷ್ಟದ ಅಳತೆ. ನೀರು ಕಡಿಮೆಯಿದ್ದಷ್ಟೂ ಉಷ್ಣತೆ, ಉಪ್ಪಿನಂಶ, ಕ್ಷಾರತೆ ಎಲ್ಲವೂ ಬೇಗ ಏರಿಳಿಯುತ್ತವೆ, ಹವಳಗಳಿಗೆ ಸಹಿಸಲಾಗದ್ದು ಈ ಏರಿಳಿತವೇ. 150ರಿಂದ 200 ಲೀಟರಿನ ತೊಟ್ಟಿಯಿಂದ ಆರಂಭಿಸಿರಿ. 200 ಲೀಟರ್ ಉಪ್ಪುನೀರೇ 205 ಕಿಲೋ ತೂಗುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ ಮುನ್ನೂರು ಕಿಲೋ ಸುಲಭವಾಗಿ ದಾಟುತ್ತದೆ. ಆದ್ದರಿಂದ ತೊಟ್ಟಿಯನ್ನು ಕೋಣೆಯ ನಡುವೆ ಇರಿಸದೆ, ತೊಲೆ ಹಾದುಹೋಗುವ ಗೋಡೆಯ ಪಕ್ಕದಲ್ಲಿ ನಿಲ್ಲಿಸುವುದು ಕ್ಷೇಮ.

ಇನ್ನು ನೀರಿನ ವಿಚಾರ. ಬೋರ್‌ವೆಲ್ ನೀರಿನಲ್ಲಿ ಗಡಸುತನದ ಜೊತೆಗೆ ನೈಟ್ರೇಟ್ ಕೂಡ ಇರಬಹುದು, ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಎರಡನ್ನೂ ನೇರವಾಗಿ ಬಳಸಬಾರದು. ಅಡುಗೆಮನೆಯ ಆರ್‌ಒ ಯಂತ್ರ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಮನೆಬಳಕೆಯ ಬಹುಪಾಲು ಯಂತ್ರಗಳಲ್ಲಿ ರುಚಿಗಾಗಿ ಶುದ್ಧನೀರಿಗೆ ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಕಂಟ್ರೋಲರ್ ಇರುತ್ತದೆ, ಹೀಗಾಗಿ ಆ ನೀರು ನಮ್ಮ ಕೆಲಸಕ್ಕೆ ಆಗುವುದಿಲ್ಲ. ಆರ್‌ಒ ಪೊರೆಯ ನಂತರ, ಉಳಿದ ಲವಣಗಳನ್ನೂ ಹಿಡಿಯುವ ಡಿಅಯೊನೈಸಿಂಗ್ ರೆಸಿನ್ ಇರುವ ಪ್ರತ್ಯೇಕ ಘಟಕ ಬೇಕು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಆ ನೀರಿಗೆ ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪನ್ನು ಬೆರೆಸಿ, ಸಾಂದ್ರತೆ 1.025ರಿಂದ 1.026ರ ನಡುವೆ ಬರುವಂತೆ, ಉಪ್ಪಿನಂಶ ತೋರಿಸುವ ರಿಫ್ರ್ಯಾಕ್ಟೋಮೀಟರ್‌ನಿಂದ ಅಳೆಯಿರಿ. ಅಡುಗೆಯ ಉಪ್ಪು ಯಾವ ಕಾರಣಕ್ಕೂ ಬೇಡ, ಏಕೆಂದರೆ ಕಡಲಿನ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಾರ್ಬೊನೇಟುಗಳು ಅದರಲ್ಲಿ ತಕ್ಕ ಪ್ರಮಾಣದಲ್ಲಿ ಇರುವುದಿಲ್ಲ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ತುಂಬಿಸಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರನ್ನೇ. ಸಿಹಿನೀರಿನ ಮೀನು ಸಾಕಿದವರು ಮೊದಲಿಗೆ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಪ್ರಶ್ನೆ: ನಮ್ಮ ಮನೆ ಕಡಲ ತೀರದಿಂದ ದೂರವಿಲ್ಲ. ಕೊಳ್ಳುವ ಉಪ್ಪಿನ ಬದಲು ಕಡಲ ನೀರನ್ನೇ ತಂದು ಬಳಸಬಹುದೇ? ಹಾಗೆಯೇ ನೇತ್ರಾಣಿ ದ್ವೀಪದ ಕಡೆಗೆ ಹೋಗುವ ಪರಿಚಿತರ ಮೂಲಕ ಒಂದೆರಡು ಹವಳದ ಕಲ್ಲುಗಳನ್ನು ತರಿಸಿದರೆ ತಪ್ಪಾಗುತ್ತದೆಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ತರಿಸಬೇಡಿರಿ. ಕಲ್ಲಿನಂತಹ ಅಸ್ಥಿಪಂಜರ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಇವುಗಳಿಗೆ 2001ರಲ್ಲಿ ಈ ರಕ್ಷಣೆ ದೊರೆಯಿತು. ಸಮುದ್ರ ಕುದುರೆಗಳು ಮತ್ತು ಸಮುದ್ರ ಸೌತೆಗಳೂ ಅದೇ ಅನುಸೂಚಿಯಲ್ಲಿವೆ. ಇವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇರಿಸಿಕೊಳ್ಳುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯ ಬಳಿಕ ಈ ಅನುಸೂಚಿಯ ಜೀವಿಗಳ ವಿಷಯದಲ್ಲಿ ಮೂರರಿಂದ ಏಳು ವರ್ಷಗಳ ಸೆರೆವಾಸವೂ ಕನಿಷ್ಠ 25,000 ರೂಪಾಯಿ ದಂಡವೂ ಇದೆ.

ಆದರೆ ದಂಡದ ಭಯವೊಂದರಿಂದ ಈ ಮಾತನ್ನು ಹೇಳುತ್ತಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿಯ ಸುತ್ತ ಬೆಳೆದಿರುವ ಹವಳಗಳು ಕರ್ನಾಟಕದ ಕಡಲಿನಲ್ಲಿ ನಮಗಿರುವ ಅಪರೂಪದ ಸಂಪತ್ತು. ಮಳೆಗಾಲದ ಕೆಸರು ನೀರಿನ ನಡುವೆಯೂ ಉಳಿದುಕೊಂಡಿರುವ ಆ ಬೆಳವಣಿಗೆ ನಿಧಾನವಾದದ್ದು. ದಿಂಡು ಕಟ್ಟುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದೂ ಕಷ್ಟ. ಅಂಗೈಯಗಲದ ಒಂದು ತುಂಡನ್ನು ಕಿತ್ತರೆ ಎಷ್ಟು ವರ್ಷದ ಬದುಕು ಹೋಯಿತೆಂದು ಲೆಕ್ಕ ಹಾಕಿ ನೋಡಿರಿ.

ಆಮದು ಮಾಡಿದ್ದೆಂದು ರಸೀದಿ ತೋರಿಸಿ ಕಲ್ಲು ಹವಳ ಮಾರುವವರೂ ಇದ್ದಾರೆ. ಅನುಸೂಚಿಯು ಆ ಇಡೀ ಗುಂಪನ್ನೇ ಹೆಸರಿಸಿರುವುದರಿಂದ, ಭಾರತದಲ್ಲಿರುವ ಹವ್ಯಾಸಿಗಳು ಅವನ್ನು ಕೊಳ್ಳದಿರುವುದೇ ಸರಿ ಎಂಬುದು ನನ್ನ ಸ್ಪಷ್ಟ ಸಲಹೆ. ಮಶ್ರೂಮ್, ಜೋಯಾಂಥಿಡ್, ಲೆದರ್ ಮೊದಲಾದ ಮೃದು ಜಾತಿಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಇವುಗಳನ್ನೂ ಕಡಲಿನಿಂದ ಕೀಳದೆ, ಬೇರೆ ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡುಗಳನ್ನೇ ಪಡೆಯಿರಿ. ಸಂಶಯವಿದ್ದರೆ ಕೊಳ್ಳುವ ಮೊದಲೇ ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲಿಯೇ ಪಡೆದುಕೊಳ್ಳುವುದು ಒಳ್ಳೆಯದು. ಹವಳದ ಕಲ್ಲಿನ ಬದಲು ಬ್ಯಾಕ್ಟೀರಿಯಾ ನೆಲೆಸಲು ಸೂಕ್ಷ್ಮ ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳನ್ನು ಬಳಸಬಹುದು, ಕೆಲಸದಲ್ಲಿ ಅವು ಹಿಂದೆ ಬೀಳುವುದಿಲ್ಲ.

ಇನ್ನು ಕಡಲ ನೀರು. ಅದನ್ನು ಬಳಸುವುದು ಅಸಾಧ್ಯವೇನಲ್ಲ, ಆದರೆ ನೀರನ್ನು ಎಲ್ಲಿಂದ, ಯಾವಾಗ ತಂದಿರಿ ಎಂಬುದು ಮುಖ್ಯ. ನಿಮ್ಮ ಊರಿನ ಪಕ್ಕದಲ್ಲೇ ಪಂಚಗಂಗಾವಳಿ ನದಿಗಳು ಗಂಗೊಳ್ಳಿ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಳಿವೆಯ ಹತ್ತಿರದ ನೀರಿನಲ್ಲಿ ಉಪ್ಪಿನಂಶ ಉಬ್ಬರವಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ನೀರು ಸೇರಿ ಬಹಳ ಕುಸಿಯುತ್ತದೆ. ದೋಣಿಗಳು ನಿಲ್ಲುವ ಕಡೆಯಲ್ಲಿ ಡೀಸೆಲ್ ಕೂಡ ಇರುತ್ತದೆ. ತರುವುದಾದರೆ ಜನವರಿಯಿಂದ ಏಪ್ರಿಲ್ ನಡುವಿನ ತಿಳಿನೀರಿನ ದಿನಗಳಲ್ಲಿ, ದಡದಿಂದ ದೂರದಲ್ಲಿ ತುಂಬಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಎರಡು ವಾರ ಕತ್ತಲಲ್ಲಿರಿಸಿ, ತಳದ ಗಸಿಯನ್ನು ಬಿಟ್ಟು ಮೇಲಿನ ನೀರನ್ನಷ್ಟೇ ತೆಗೆದು ಅಳೆದು ಬಳಸಿರಿ. ವರ್ಷವಿಡೀ ಇದನ್ನೇ ನಂಬಿಕೊಳ್ಳುವುದು ಕಷ್ಟವಾದ್ದರಿಂದ ಮಳೆಗಾಲಕ್ಕೆಂದು ಒಂದು ಡಬ್ಬಿ ಉಪ್ಪು ಮನೆಯಲ್ಲಿರಲಿ.

ಪ್ರಶ್ನೆ: 200 ಲೀಟರಿನ ತೊಟ್ಟಿ ಸಿದ್ಧವಾಗಿದೆ. ಯಾವ ಯಾವ ಮೀನುಗಳು ಪರಸ್ಪರ ಹೊಂದಿಕೊಳ್ಳುತ್ತವೆ, ಹವಳಕ್ಕೆ ಹಾನಿ ಮಾಡದವು ಯಾವುವು? ಮಕ್ಕಳು ನೀಲಿ ಟ್ಯಾಂಗ್ ಮೀನು ಮತ್ತು ಅನಿಮೋನ್ (ಕ್ಲೌನ್ ಮೀನುಗಳು ಆಶ್ರಯಿಸುವ, ಕುಟುಕುವ ಎಳೆಗಳ ಕಡಲಜೀವಿ) ಬೇಕೆಂದು ಹಟ ಹಿಡಿದಿದ್ದಾರೆ.
— ಶಿಕ್ಷಕಿಯೊಬ್ಬರು, ಮೈಸೂರು

ಉತ್ತರ: ಮಕ್ಕಳಿಗೆ ನಿರಾಸೆಯಾಗಬಹುದು, ಆದರೂ ನೀಲಿ ಟ್ಯಾಂಗ್ ಬೇಡ. ಅಂಗಡಿಯಲ್ಲಿ ಎರಡು ಬೆರಳಗಲವಿರುವ ಆ ಮೀನು ಸುಮಾರು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ ಮತ್ತು ದಿನವಿಡೀ ಈಜುತ್ತಲೇ ಇರುತ್ತದೆ; ನಿಮ್ಮ ತೊಟ್ಟಿ ಅದಕ್ಕೆ ಸೆರೆಮನೆಯಾಗುತ್ತದೆ. ಬಿಳಿಚುಕ್ಕೆ ರೋಗ ಕೂಡ ಅದಕ್ಕೆ ಬೇಗ ತಗಲುತ್ತದೆ. ಬಟರ್‌ಫ್ಲೈ ಮೀನುಗಳಲ್ಲಿ ಹೆಚ್ಚಿನವು ಹವಳವನ್ನು ಕಟ್ಟುವ ಪಾಲಿಪ್ ಎಂಬ ಪುಟ್ಟ ಜೀವಿಗಳನ್ನೇ ತಿನ್ನುತ್ತವೆ, ದೊಡ್ಡ ಏಂಜೆಲ್‌ಗಳು ಕುಕ್ಕಿ ಕುಕ್ಕಿ ಹವಳ ಅರಳದಂತೆ ಮಾಡುತ್ತವೆ, ಟ್ರಿಗರ್‌ಗಳು ಸಿಗಡಿಯನ್ನೂ ಬಸವನಹುಳುವನ್ನೂ ಒಡೆದು ತಿನ್ನುತ್ತವೆ, ಲಯನ್‌ಫಿಶ್ ತನ್ನ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಮ್ಯಾಂಡರಿನ್ ಮೀನಿನ ಬಣ್ಣಕ್ಕೆ ಮರುಳಾಗದವರಿಲ್ಲ. ಆದರೆ ಅದು ಬದುಕುವುದು ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಹೆಕ್ಕುತ್ತಾ. ಹೊಸ ತೊಟ್ಟಿಯಲ್ಲಿ ಅಷ್ಟು ಕೋಪೆಪಾಡ್ ಇರುವುದಿಲ್ಲ. ಕೆಲವೇ ವಾರಗಳಲ್ಲಿ ಮೀನಿನ ಹೊಟ್ಟೆ ಒಳಕ್ಕೆ ಸೇರಿ, ಹಸಿವಿನಿಂದಲೇ ಅದು ಸಾಯುತ್ತದೆ.

ಹಾಗಾದರೆ ಯಾವುದನ್ನು ಸಾಕಬಹುದು? ಒಸೆಲ್ಲಾರಿಸ್ ಕ್ಲೌನ್ ಮೀನಿನ ಒಂದು ಜೋಡಿ, ಬಾಂಗೈ ಕಾರ್ಡಿನಲ್ ಒಂದೋ ಒಂದು ಜೋಡಿಯೋ, ಒಂದು ಹಳದಿ ವಾಚ್‌ಮನ್ ಗೋಬಿ, ಒಂದು ಫೈರ್‌ಫಿಶ್: 200 ಲೀಟರಿಗೆ ಇಷ್ಟು ಸಾಕು. ಇವೆಲ್ಲ ಹವಳದ ತಂಟೆಗೆ ಹೋಗದ ಸಣ್ಣ ಮೀನುಗಳು, ನೀರಿನ ಬೇರೆ ಬೇರೆ ಮಟ್ಟಗಳಲ್ಲಿ ಇರುವಂತಹವು. ಸಾಧು ಸ್ವಭಾವದವನ್ನು ಮೊದಲು, ಜಗಳಗಂಟಿಗಳನ್ನು ಕೊನೆಗೆ ಬಿಡಬೇಕು. ಇಲ್ಲಿ ಕ್ಲೌನ್ ಜೋಡಿಯೇ ಕೊನೆಯದು. ಎರಡು ಮೀನುಗಳ ನಡುವೆ ಕನಿಷ್ಠ ಎರಡು ಮೂರು ವಾರಗಳ ಅಂತರವಿರಲಿ. ಫೈರ್‌ಫಿಶ್ ಬೆದರಿದಾಗ ನೀರಿನಿಂದ ಮೇಲಕ್ಕೆ ಹಾರುವುದರಿಂದ ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಬಲೆ ಹೊದಿಸಲೇಬೇಕು.

ಕ್ಲೌನ್ ಮೀನುಗಳನ್ನು ಕೊಳ್ಳುವಾಗ ಒಂದೇ ಅಳತೆಯ ಎರಡು ದೊಡ್ಡ ಮೀನುಗಳನ್ನು ಆರಿಸಬೇಡಿರಿ. ಇವು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ಮೇಲುಗೈ ಸಾಧಿಸಿದ್ದು ಹೆಣ್ಣಾಗಿ ಮಾರ್ಪಡುತ್ತದೆ, ಆ ಹೆಣ್ಣು ಸತ್ತರೆ ಅದರ ಜೊತೆಗಾರ ಹೆಣ್ಣಾಗುತ್ತದೆ. ಒಂದು ಚಿಕ್ಕದು, ಇನ್ನೊಂದು ಅದಕ್ಕಿಂತ ಸ್ವಲ್ಪ ದೊಡ್ಡದು ಇದ್ದರೆ ಚಿಕ್ಕದು ದೊಡ್ಡದರ ಮುಂದೆ ಪಕ್ಕಕ್ಕೆ ವಾಲಿ ಮೈಯನ್ನು ನಡುಗಿಸಿ ತೋರಿಸುತ್ತದೆ. ಅದು ಶರಣಾಗತಿಯ ಲಕ್ಷಣ. ಅದನ್ನು ಕಂಡಿರೆಂದರೆ ಜೋಡಿ ಕೂಡಿತೆಂದೇ ತಿಳಿಯಿರಿ.

ಮಕ್ಕಳಿಗೆ ನೀಲಿ ಟ್ಯಾಂಗಿನ ಬದಲು ನಾನು ಸೂಚಿಸುವುದು ವಾಚ್‌ಮನ್ ಗೋಬಿಯ ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಕಣ್ಣು ಅಷ್ಟಾಗಿ ಕಾಣದ ಸಿಗಡಿ ಕಲ್ಲಿನಡಿ ಬಿಲ ತೋಡಿ, ಬುಲ್ಡೋಜರಿನಂತೆ ಮರಳನ್ನು ಹೊರಕ್ಕೆ ತಳ್ಳುತ್ತ ಬರುತ್ತದೆ. ಬಾಗಿಲಲ್ಲಿ ಗೋಬಿ ಕಾವಲು ನಿಂತಿರುತ್ತದೆ. ಹೊರಗೆ ಇರುವಷ್ಟು ಹೊತ್ತೂ ಸಿಗಡಿಯ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ; ಗೋಬಿ ಬಾಲವನ್ನು ಒಮ್ಮೆ ಅಲುಗಿಸಿದ ಕ್ಷಣ ಎರಡೂ ಬಿಲದೊಳಗೆ ಮಾಯ. ಶಿಕ್ಷಕಿಯಾದ ತಮಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಅನಿಮೋನ್ ಇಲ್ಲದೆಯೂ ಕ್ಲೌನ್ ಮೀನು ಸುಖವಾಗಿರುತ್ತದೆ. ಅನಿಮೋನ್‌ಗೆ ಪ್ರಬಲವಾದ ಬೆಳಕೂ ಹದಗೊಂಡ ನೀರೂ ಬೇಕು. ಜಾಗ ಹಿಡಿಸದಿದ್ದರೆ ಅದು ತೊಟ್ಟಿಯೊಳಗೆ ತಿರುಗಾಡುತ್ತ ದಾರಿಯಲ್ಲಿ ಸಿಕ್ಕ ಹವಳಗಳನ್ನು ಕುಟುಕಿ ಸುಟ್ಟುಹಾಕುತ್ತದೆ, ಕೆಲವೊಮ್ಮೆ ಪಂಪಿನ ಬಾಯಿಗೆ ಸಿಕ್ಕಿ ತಾನೂ ಸತ್ತು ನೀರನ್ನೂ ಕೆಡಿಸುತ್ತದೆ. ತೊಟ್ಟಿಗೆ ಒಂದು ವರ್ಷವಾದ ಬಳಿಕ ಬಬಲ್ ಟಿಪ್ ಜಾತಿಯ ಬಗ್ಗೆ ಯೋಚಿಸೋಣ.

ಕೊನೆಯ ಮಾತೊಂದಿದೆ. ಮೀನು ಎಲ್ಲಿಂದ ಬಂತೆಂದು ಕೇಳಿ ಕೊಳ್ಳಿರಿ. ಬಾಂಗೈ ಕಾರ್ಡಿನಲ್ ಇಂಡೋನೇಷ್ಯಾದ ಬಾಂಗೈ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಇರುವ ಮೀನು, ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅಳಿವಿನ ಅಂಚಿಗೆ ಬಂದಿದೆ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುವ ಕಾರಣ ಇದನ್ನು ಸಾಕಣೆಯಲ್ಲಿ ಬೆಳೆಸುವುದು ಕಷ್ಟವಲ್ಲ. ಕ್ಲೌನ್ ಮೀನುಗಳ ಮರಿ ಉತ್ಪಾದನೆಯ ತಂತ್ರವನ್ನು ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿ ಹಲವರಿಗೆ ತರಬೇತಿ ನೀಡಿದೆ. ಬಹಳ ಕಾಲ ಅಸಾಧ್ಯವೆನಿಸಿದ್ದ ಹಳದಿ ಟ್ಯಾಂಗ್ ಕೂಡ 2015ರಲ್ಲಿ ಹವಾಯಿಯ ಸಂಶೋಧಕರ ಕೈಯಲ್ಲಿ ಸಾಕಣೆಯಲ್ಲೇ ಬೆಳೆಯಿತು. ಸಾಕಣೆಯ ಮೀನಿಗೆ ಬೆಲೆ ತುಸು ಹೆಚ್ಚಾದರೂ ತೊಟ್ಟಿಯ ಆಹಾರ ಅದಕ್ಕೆ ಮೊದಲೇ ರೂಢಿಯಾಗಿರುತ್ತದೆ, ಕಡಲಿನ ಒಂದು ಮೀನು ಕಡಲಲ್ಲೇ ಉಳಿಯುತ್ತದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ತೊಟ್ಟಿಯ ನೀರು 31 ಡಿಗ್ರಿ ದಾಟುತ್ತದೆ. ಬೆಂಗಳೂರಿನ ಸ್ನೇಹಿತರ ಸಲಹೆಯಂತೆ ನೀರಿನ ಮೇಲೆ ಫ್ಯಾನ್ ಹಾಕಿದೆ. ಅವರಲ್ಲಿ ಮೂರು ಡಿಗ್ರಿ ಇಳಿದಿದೆಯಂತೆ, ನನ್ನಲ್ಲಿ ಒಂದು ಡಿಗ್ರಿಯೂ ಇಳಿಯಲಿಲ್ಲ.
— ಓದುಗರೊಬ್ಬರು, ಮಂಗಳೂರು

ಉತ್ತರ: ಫ್ಯಾನಿನಲ್ಲಿ ದೋಷವಿಲ್ಲ, ನಿಮ್ಮ ಊರಿನ ಗಾಳಿಯೇ ಹಾಗಿದೆ. ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ ತಂಪಾಗುತ್ತದೆ. ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನ ಗಾಳಿ ಒಣಗಿರುವುದರಿಂದ ಆವಿ ಬೇಗ ಏಳುತ್ತದೆ. ಕರಾವಳಿಯ ಗಾಳಿ ಆಗಲೇ ತೇವದಿಂದ ತುಂಬಿರುವುದರಿಂದ ಇನ್ನಷ್ಟು ಆವಿಯನ್ನು ಹೀರುವುದಿಲ್ಲ. ಕರಾವಳಿಯವರಿಗೆ ಚಿಲ್ಲರ್ ಯಂತ್ರವನ್ನು ಬಿಟ್ಟರೆ ಕೋಣೆಗೆ ಎ.ಸಿ. ಹಾಕುವುದೊಂದೇ ದಾರಿ. ಇದನ್ನು ಮುಂದೂಡಬೇಡಿರಿ: ಹವಳದ ಅಂಗಾಂಶದೊಳಗೆ ವಾಸಿಸುತ್ತ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿ ಇಂತಹ ಬಿಸಿಯಲ್ಲಿ ದಿನಗಟ್ಟಲೆ ಉಳಿಯಲಾರದು. ಪಾಚಿ ಹೋದ ಹವಳ ಬಿಳಿಚಿಕೊಂಡು ಕ್ರಮೇಣ ಸಾಯುತ್ತದೆ. 25ರಿಂದ 27 ಡಿಗ್ರಿಯ ನಡುವೆ ಸ್ಥಿರವಾಗಿಡಲು ಪ್ರಯತ್ನಿಸಿರಿ. ಚಿಲ್ಲರ್ ಬರುವವರೆಗೆ ದೀಪಗಳನ್ನು ಮಧ್ಯಾಹ್ನದ ಬದಲು ಸಂಜೆಯಿಂದ ಉರಿಸಿದರೆ ಸ್ವಲ್ಪವಾದರೂ ಅನುಕೂಲ.

ಪ್ರಶ್ನೆ: ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಇಂತಹ ಊರಿನಲ್ಲಿ ಹವಳ ಸಾಕಲು ಸಾಧ್ಯವೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸಾಧ್ಯ. ಮೊದಲು ಬೇಕಾಗುವುದು ಆಮ್ಲಜನಕ, ದೀಪವಲ್ಲ. ಹವಳ ಎರಡು ದಿನ ಕತ್ತಲಲ್ಲಿದ್ದರೂ ತಾಳಿಕೊಳ್ಳುತ್ತದೆ, ಆದರೆ ನೀರು ಅಲುಗದೆ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ, ಏಕೆಂದರೆ ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಕರಗುತ್ತದೆ. ಮನೆಯ ಇನ್ವರ್ಟರಿಗೆ ನೀರನ್ನು ಕಲಕುವ ಒಂದು ಸಣ್ಣ ಪಂಪನ್ನು ಮಾತ್ರ ಜೋಡಿಸಿರಿ, ಜೊತೆಗೆ ಬ್ಯಾಟರಿಯ ಏರ್ ಪಂಪೊಂದು ಕೈಗೆ ಸಿಗುವಂತಿರಲಿ. ಕರೆಂಟ್ ಬರುವವರೆಗೆ ಮೀನಿಗೆ ಆಹಾರ ಬೇಡ. ನೀರು ತಣ್ಣಗಾಗುತ್ತಿದ್ದರೆ ತೊಟ್ಟಿಗೆ ಕಂಬಳಿ ಸುತ್ತಿರಿ. ತೊಟ್ಟಿಯ ಕೆಳಗೆ ಫಿಲ್ಟರಿನ ಸಂಪ್ ಇದ್ದರೆ, ಪಂಪ್ ನಿಂತಾಗ ಮೇಲಿನಿಂದ ಇಳಿಯುವ ನೀರು ತುಂಬಿ ಹರಿಯದಷ್ಟು ಜಾಗ ಅದರಲ್ಲಿದೆಯೇ ಎಂದು ಇಂದೇ ಸ್ವಿಚ್ ಆರಿಸಿ ಪರೀಕ್ಷಿಸಿ ನೋಡಿರಿ.

ಪ್ರಶ್ನೆ: ಇಲ್ಲಿ ಅಂಗಡಿಯಲ್ಲಿ ಕಾನೂನುಬದ್ಧವಾಗಿ ದೊರೆಯುವ, ಸಾಕಣೆಯಲ್ಲಿ ಬೆಳೆದ ಹ್ಯಾಮರ್ ಮತ್ತು ಟಾರ್ಚ್ ಹವಳಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೆ. ಹ್ಯಾಮರ್‌ನ ಒಂದು ಬದಿ ಕರಗಿಹೋಗಿದೆ. ಅಲ್ಲದೆ, ಕಾಣಿಸಿಕೊಂಡ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕಬೇಕೆಂದಿದ್ದೇನೆ.
— ಕನ್ನಡಿಗರೊಬ್ಬರು, ಆಸ್ಟಿನ್, ಅಮೆರಿಕ

ಉತ್ತರ: ಔಷಧಿಯ ಬಾಟಲಿಯನ್ನು ಮೊದಲು ಕೆಳಗಿಡಿರಿ. ಹವಳವಿರುವ ತೊಟ್ಟಿಗೆ ತಾಮ್ರ ಬಿದ್ದರೆ ಸಿಗಡಿ, ಬಸವನಹುಳು, ಹವಳ ಒಂದೂ ಉಳಿಯುವುದಿಲ್ಲ. ಕಲ್ಲು ಮತ್ತು ಮರಳು ಅದನ್ನು ಹೀರಿಕೊಂಡು ಮುಂದೆಯೂ ಬಿಡುತ್ತಿರುತ್ತವೆ.

ಹವಳಗಳ ವಿಚಾರ ಹೀಗಿದೆ. ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಒಂದಕ್ಕೊಂದು ತಾಗಿದರೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಟಾರ್ಚ್ ಹಾಗಲ್ಲ. ಈ ಮೂರನ್ನೂ ಹಿಂದೆ ಯೂಫಿಲಿಯಾ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದರು. ಈಗ ಮೊದಲೆರಡನ್ನು ಫಿಂಬ್ರಿಯಾಫಿಲಿಯಾ ಎಂಬ ಬೇರೆ ಕುಲಕ್ಕೆ ಸೇರಿಸಲಾಗಿದೆ, ಹವ್ಯಾಸಿಗಳ ಅನುಭವವೂ ಅದಕ್ಕೆ ಹೊಂದುತ್ತದೆ. ಟಾರ್ಚ್‌ನ ಸುತ್ತ ಒಂದು ಗೇಣು ಜಾಗ ಬಿಡಿರಿ. ಗ್ಯಾಲಾಕ್ಸಿಯಾ ಎಂಬ ಹವಳ ಇದ್ದರೆ ಇನ್ನೂ ಹೆಚ್ಚು ಬಿಡಬೇಕು. ಅದು ರಾತ್ರಿಯಲ್ಲಿ ಉದ್ದನೆಯ ಕುಟುಕುವ ಎಳೆಗಳನ್ನು ಹೊರಚಾಚುತ್ತದೆ, ದೀಪ ಆರಿದ ಮೇಲೆ ಕೈದೀಪ ಹಿಡಿದು ನೋಡಿದರೆ ಅವು ಪ್ರವಾಹದಲ್ಲಿ ತೇಲಾಡುವುದು ಕಾಣುತ್ತದೆ. ಲೆದರ್ ಹವಳ ಮುಟ್ಟದೆಯೇ ಹೋರಾಡುವಂತಹದು: ನೀರಿಗೆ ಬಿಡುವ ರಾಸಾಯನಿಕಗಳಿಂದ ಕಲ್ಲು ಹವಳಗಳ ಬೆಳವಣಿಗೆಯನ್ನು ತಡೆಯುತ್ತದೆ. ಎರಡೂ ಇರುವ ತೊಟ್ಟಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆಯಾದರೂ ಬದಲಿಸಿರಿ. ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಮಾನ), ಕ್ಯಾಲ್ಸಿಯಂ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಆಸುಪಾಸು, ಮೆಗ್ನೀಸಿಯಂ 1300 ಇರಲಿ. ಹವಳ ಅಸ್ಥಿಪಂಜರ ಕಟ್ಟುವಾಗ ಕ್ಷಾರತೆ ಒಂದು ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಮಾತ್ರ ಇಳಿಯುತ್ತದೆ. ಹೀಗಾಗಿ ವಾರಕ್ಕೆ ಒಂದನ್ನೇ ಅಳೆಯುವಷ್ಟು ಸಮಯವಿದ್ದರೆ ಕ್ಷಾರತೆಯನ್ನೇ ಅಳೆಯಿರಿ, ಬದಲಾವಣೆ ಅಲ್ಲಿ ಮೊದಲು ಗೊತ್ತಾಗುತ್ತದೆ. ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಪೂರ್ತಿ ಸೊನ್ನೆಗೆ ಇಳಿಸುವ ಹಂಬಲ ಬೇಡ. ಹಾಗೆ ಇಳಿಸಿದರೆ ಹವಳಗಳು ಸೊರಗುತ್ತವೆ, ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಕಂದು ಲೋಳೆ ಹಬ್ಬುತ್ತದೆ.

ಬಿಳಿಚುಕ್ಕೆ ರೋಗಕ್ಕೆ ಕಾರಣ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಕೆಲವು ದಿನ ಮೀನಿನ ಮೈಮೇಲಿದ್ದು, ಬಳಿಕ ಕೆಳಗೆ ಬಿದ್ದು, ಕಲ್ಲು ಮರಳಿನ ಮೇಲೆ ಕೋಶ ಕಟ್ಟಿ, ಅದರಿಂದ ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ಚುಕ್ಕೆ ಮಾಯವಾದೊಡನೆ ರೋಗ ವಾಸಿಯಾಯಿತೆಂದು ಎಷ್ಟೋ ಜನ ನಂಬುವುದು ಈ ಕಾರಣಕ್ಕೆ. ಎರಡನೆಯ ಬಾರಿ ಅದು ಇನ್ನೂ ಉಗ್ರವಾಗಿ ಬರುತ್ತದೆ. ಎಲ್ಲ ಮೀನುಗಳನ್ನೂ ಕಲ್ಲು ಮರಳಿಲ್ಲದ ಪ್ರತ್ಯೇಕ ತೊಟ್ಟಿಗೆ ಸ್ಥಳಾಂತರಿಸಿ, ತಾಮ್ರದ ಚಿಕಿತ್ಸೆಯನ್ನು ಅಲ್ಲಿ, ಟೆಸ್ಟ್ ಕಿಟ್‌ನಿಂದ ಪ್ರಮಾಣ ಅಳೆಯುತ್ತ ನೀಡಿರಿ. ಹವಳದ ತೊಟ್ಟಿಯಲ್ಲಿ ಸುಮಾರು ಎರಡೂವರೆ ತಿಂಗಳು ಒಂದೂ ಮೀನು ಇಲ್ಲದಿದ್ದರೆ ಪರಾವಲಂಬಿ ಆಶ್ರಯವಿಲ್ಲದೆ ಸಾಯುತ್ತದೆ. ಆ ಅವಧಿಯಲ್ಲಿ ಹವಳ ಮತ್ತು ಸಿಗಡಿಗಳ ಆರೈಕೆ ಎಂದಿನಂತೆ ನಡೆಯಲಿ. ಆಮೇಲೆ ಕೊಳ್ಳುವ ಪ್ರತಿ ಹೊಸ ಮೀನನ್ನೂ ಕನಿಷ್ಠ ನಾಲ್ಕು ವಾರ ಅದೇ ಪ್ರತ್ಯೇಕ ತೊಟ್ಟಿಯಲ್ಲಿರಿಸಿ, ಎರಡು ತೊಟ್ಟಿಗಳಿಗೂ ಬೇರೆ ಬೇರೆ ಬಲೆ ಮತ್ತು ಬಕೆಟ್ ಬಳಸಿರಿ, ಏಕೆಂದರೆ ಒದ್ದೆಯಾದ ಬಲೆಯೊಂದೇ ರೋಗವನ್ನು ಅತ್ತಿಂದಿತ್ತ ಒಯ್ಯಲು ಸಾಕು.